ಇಲಿಮನೆಯ ಚಾಚಾ

ಚಾಚಾ ಅವರ ಎರಡೂ ಕೈಗಳ ಬೆರಳ ತುದಿಯಲ್ಲಿ ಇಲಿ ಕಚ್ಚಿದ ಸಣ್ಣ ಬಿಳಿ ಕಲೆಗಳಿದ್ದವು. ಕಲಬುರಗಿಯ ಫಾರ್ಮಸಿ ಕಾಲೇಜೊಂದರಲ್ಲಿ ನಾನು ಸಂಶೋಧನೆ ಮಾಡುತ್ತಿದ್ದಾಗ, ಅಲ್ಲಿ ಪ್ರಯೋಗದ ಇಲಿಗಳನ್ನು ನೋಡಿಕೊಳ್ಳುತ್ತಿದ್ದವರು ಅವರು. ಕಮಲಾಪುರದಿಂದ ಮೊದಲ ಬಸ್ಸಿಗೆ ಬಂದು, ಪಂಜರಗಳ ಹೊಟ್ಟು ಬದಲಿಸಿ, ಒಂದೊಂದು ಇಲಿಗೂ ಸಲಾಂ ಹೇಳಿದ ಮೇಲೆಯೇ ಅವರ ಚಹಾ.

ನನ್ನ ಪ್ರಯೋಗದ ಪಂಜರದಲ್ಲಿ ಎರಡು ಗುಂಡಿಗಳಿದ್ದವು. ಒಂದನ್ನು ಒತ್ತಿದರೆ ನಳಿಕೆಯಿಂದ ಅಮಲಿನ ಮದ್ದು. ಇನ್ನೊಂದನ್ನು ಒತ್ತಿದರೆ ಪುಟ್ಟ ಬಾಗಿಲು ತೆರೆದು, ಆಚೆಯಿದ್ದ ಜೊತೆಗಾರ ಇಲಿ ಸಿಗುತ್ತಿತ್ತು. ಅಮಲಿನ ಚಟ ಹತ್ತಿದ್ದ ಇಲಿಗಳೂ ಹೆಚ್ಚಿನ ಸಲ ಜೊತೆಯನ್ನೇ ಆರಿಸಿದವು. ಆದರೆ ಬಾಗಿಲು ತೆರೆಯುವುದನ್ನು ನಾವು ಬೇಕೆಂದೇ ತಡಮಾಡಿದಾಗ ಕೆಲವು ಮತ್ತೆ ಮದ್ದಿನ ಗುಂಡಿಗೆ ಹೋದವು. ಚಾಚಾ ಪಂಜರದ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು.

"ನಿಮ್ಮಣ್ಣ ಹೆಂಗಿದ್ದಾನ ಬೇಟಿ?" ಎಂದರು.

ಅಣ್ಣನ ಕುಡಿತದ ಸಂಗತಿಯನ್ನು ಅವರೊಬ್ಬರಿಗೇ ಹೇಳಿದ್ದೆ. ಎರಡನೇ ಸಲ ಆಸ್ಪತ್ರೆಯಿಂದ ಬಂದ ಅವನನ್ನು ಕೋಟನೂರಿನ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿಟ್ಟು ಹೊರಗಿನಿಂದ ಚಿಲಕ ಹಾಕುತ್ತಿದ್ದೆವು. ಯಾರೂ ಅವನೊಂದಿಗೆ ಮಾತಾಡುತ್ತಿರಲಿಲ್ಲ.

"ಇಲೀದು ಮನುಷ್ಯಾರಿಗಿ ಹಂಗ ಹಚ್ಚಾಕ ಬರಂಗಿಲ್ಲ ಚಾಚಾ," ಎಂದೆ.

"ಖರೇ ಅದ. ನಾ ಓದಿದಾಂವ ಅಲ್ಲ. ಆದ್ರ ಬಾಜೂಕ ಕುಂದ್ರಾಕ ಎಷ್ಟ್ ಓದಬೇಕು?"

ಅಂದು ಸಂಜೆಯೇ ಚಾಚಾ ನಮ್ಮ ಮನೆಗೆ ಬಂದರು. ಚಿಲಕ ತೆಗೆದು ಅಣ್ಣನ ಪಕ್ಕ ಕೂತರು. ಬುದ್ಧಿ ಹೇಳಲಿಲ್ಲ. ತಮ್ಮ ಹೊಲದ ಕೆಂಪು ಬಾಳೆಗೆ ಆಸರೆ ಕೋಲು ಕಟ್ಟಬೇಕು, ಇನ್ನೊಂದು ಆಳು ಬೇಕು ಎಂದರು. ಏಳುವಾಗ ಮಾತ್ರ, "ಕುಡೀಬೇಕು ಅನಿಸ್ತಂದ್ರ ಮೊದಲ ನನಗ ಫೋನ್ ಹಚ್ಚು. ನಾ ತಡಾ ಮಾಡಂಗಿಲ್ಲ," ಎಂದರು.

ತಡ ಮಾಡಲೂ ಇಲ್ಲ. ಒಮ್ಮೆ ಅಣ್ಣ ಫೋನ್ ಮಾಡಿದಾಗ ಮೊಮ್ಮಗಳ ನಿಕಾಹ್‌ನ ಊಟ ಅರ್ಧಕ್ಕೆ ಬಿಟ್ಟು, ಅತ್ತರಿನ ವಾಸನೆ ಸಮೇತ ನಮ್ಮ ಮನೆ ಮುಂದೆ ಆಟೋದಿಂದ ಇಳಿದರು. ಅಣ್ಣ ದಿನವೂ ಅವರ ಹೊಲದ ಕೆಲಸಕ್ಕೆ ಹೋಗತೊಡಗಿದ್ದ. ಆದರೂ ಒಂದು ದಿನ ಫೋನ್ ಮಾಡದೆ ಕುಡಿದುಬಿಟ್ಟ. ನಾಚಿ, ಮೂರು ದಿನ ಹೊಲದ ಕಡೆ ಹೋಗಲಿಲ್ಲ. ನಾಲ್ಕನೇ ದಿನ ಚಾಚಾ ಬಾಗಿಲಲ್ಲಿ ನಿಂತಿದ್ದರು.

"ಗೊನಿ ಭಾರ ಆಗ್ಯಾವ. ನಡಿ."

ಅಣ್ಣ ಅಳುತ್ತಲೇ ಚಪ್ಪಲಿ ಮೆಟ್ಟಿದ. ಆಮೇಲೆ ಅವನು ಇಂದಿನವರೆಗೂ ಕುಡಿದಿಲ್ಲ.

ಕಳೆದ ಮಳೆಗಾಲದಲ್ಲಿ ಚಾಚಾ ಎದೆನೋವೆಂದು ಮಲಗಿದವರು ಏಳಲಿಲ್ಲ. ಕಮಲಾಪುರದಲ್ಲಿ ಅವರನ್ನು ಮಣ್ಣಿಗೆ ಒಯ್ಯುವಾಗ ಅಣ್ಣ ದೂರ ನಿಂತಿದ್ದ. ಚಾಚಾರ ಮಗ ಅವನನ್ನು ಕರೆದು, ಹೆಣದ ಮಂಚದ ಮುಂದಿನ ತನ್ನ ಜಾಗವನ್ನೇ ಬಿಟ್ಟುಕೊಟ್ಟ. ನಾಲ್ಕು ಜನರ ಕಣ್ಣಿಗೆ ಬೀಳಬಾರದೆಂದು ನಾವು ಮುಚ್ಚಿಟ್ಟಿದ್ದ ಅಣ್ಣ, ಇಡೀ ಊರು ನೋಡುತ್ತಿರುವಾಗ ಹೆಗಲು ಕೊಟ್ಟು ನಡೆದ. ಹೆಂಗಸರ ನಡುವೆ ನಿಂತಿದ್ದ ನನಗೆ ಆಗ ನೆನಪಾಯಿತು: ಅಷ್ಟು ವರ್ಷಗಳಲ್ಲಿ ಚಾಚಾಗೆ ನಾನು ಒಂದು ಸಲವೂ ಬಾಯಿಬಿಟ್ಟು ಶುಕ್ರಿಯಾ ಹೇಳಿರಲಿಲ್ಲ.