ಸುಲೋಚನಮ್ಮ ಹೇಳದ ಮಾತು

ಸುಲೋಚನಮ್ಮನ ಬಾಯಿಗೆ ಹೆದರದ ಗಿರಾಕಿ ಹಾನುಬಾಳಿನಲ್ಲೇ ಇಲ್ಲ. ಗಂಡ ದೇವೀರಪ್ಪ ತೀರಿಕೊಂಡ ಮೇಲೆ ಕತ್ತಿ, ಗುದ್ದಲಿ, ಕಳೆ ಹೊಡೆಯುವ ಮಿಷನ್ನುಗಳ ಅಂಗಡಿಯನ್ನು ಇಪ್ಪತ್ತು ವರ್ಷ ಒಬ್ಬಳೇ ನಡೆಸಿದವಳು. ಮಿಷನ್ ಕೇಳಿಕೊಂಡು ಬಂದವನಿಗೆ ಮೊದಲು ಸಿಗುತ್ತಿದ್ದುದು ಬೈಗುಳ. “ಮುಖಕ್ಕೇನ್ ಹಾಕ್ಕೊಂತೀಯೋ? ಕಾಲಿಗೆ ಗಂಬೂಟ್ ಐತಾ? ಇಲ್ದಿದ್ರೆ ನಡಿ ಆಚೆ!” ಫೇಸ್ ಶೀಲ್ಡ್, ಗಂಬೂಟು ಹಾಕಿಸಿ, ಅಂಗಡಿ ಮುಂದೆ ನಾಲ್ಕು ಹೆಜ್ಜೆ ನಡೆಸಿ ನೋಡಿದ ಮೇಲೆಯೇ ಬಿಲ್ಲು. ಹೆಸರಿಗೆ ತಕ್ಕ ಹಾಗೆ ಊರಿಗೆಲ್ಲ ಕನ್ನಡಕ ಹಾಕಿಸ್ತಾಳೆ ಎಂದು ಜನ ನಗುತ್ತಿದ್ದರು. ನಗಲಿ ಬಿಡಿ. ಅವಳ ಕೈಯಿಂದ ಮಿಷನ್ ಒಯ್ದವರಲ್ಲಿ ಕಣ್ಣು ಕಳೆದುಕೊಂಡವರು ಒಬ್ಬರೂ ಇರಲಿಲ್ಲ.

ಈಗ ಮಾರನಹಳ್ಳಿಯ ಧರ್ಮನ ಬಲಗಣ್ಣಿಗೆ ಪಟ್ಟಿ ಬಿದ್ದಿದೆ. ಕಳೆ ಹೊಡೆಯುವಾಗ ಕಲ್ಲು ಸಿಡಿದಿತ್ತು. ಪಟ್ಟಿ ಬಿಚ್ಚುವವರೆಗೆ ದೃಷ್ಟಿಯ ಮಾತು ಹೇಳಲಾಗದು ಎಂದಿದ್ದರಂತೆ ಡಾಕ್ಟರು.

ಸುದ್ದಿ ಕೇಳಿದವಳೇ ಸುಲೋಚನಮ್ಮ ಉರಿದುಬಿದ್ದಳು. ಮಿಷನ್ ತಮ್ಮ ಅಂಗಡಿಯದೇ, ಆದರೆ ಅವಳು ಕೊಟ್ಟದ್ದಲ್ಲ. ಮಗ ಚಂದನ್ ಆರು ತಿಂಗಳಿಂದ ಅಂಗಡಿಯನ್ನು ಆನ್‌ಲೈನಿಗೂ ಹಾಕಿದ್ದ. ಫೋನಿನಲ್ಲಿ ಆರ್ಡರ್ ಮಾಡಿದರೆ ಸಾಮಾನು ಬಸ್ಸಿನಲ್ಲಿ ಹೋಗುತ್ತಿತ್ತು.

“ಮಿಷನ್ ಜೊತೆ ಅವ್ನಿಗೆ ಏನ್ ಕಳ್ಸಿದ್ಯೋ?”

“ಕೇಳಿದ್ದನ್ನೇ ಕಳ್ಸಿದೀನಿ ಕಣಮ್ಮ. ಒಂದು ಕೂಲಿಂಗ್ ಗ್ಲಾಸು.”

“ಕೂಲಿಂಗ್ ಗ್ಲಾಸಾ? ಫೇಸ್ ಶೀಲ್ಡ್ ಎಲ್ಲೋ?”

ಚಂದನ್ ಫೋನ್ ನೋಡಿಕೊಂಡು ತಗ್ಗಿದ ದನಿಯಲ್ಲಿ ಓದಿದ. ಮಿಷನ್ನಿನ ಕೆಳಗೆ ‘ಇದರ ಜೊತೆ ಇವನ್ನೂ ತಗೊಳ್ಳಿ’ ಎಂದು ಕೂಲಿಂಗ್ ಗ್ಲಾಸು, ಟೋಪಿ, ಮೊಬೈಲ್ ಕವರು. “ಖರ್ಚಾಗ್ದೆ ಬಿದ್ದಿದ್ವಮ್ಮ. ಅಲ್ಲಿ ತೋರ್ಸಿದ್ರೆ ಹೋಗ್ತಾವೆ ಅಂತ…”

“ಮನೆಹಾಳ! ನಿನ್ ದರಿದ್ರದ ಮಾಲು ಸಾಗ್ಹಾಕಕ್ಕೆ ಅವನ ಕಣ್ಣೇ ಬೇಕಾಗಿತ್ತೇನೋ?”

ಅಂಗಡಿಯಲ್ಲಿ ಉಳಿದಿದ್ದ ಕೂಲಿಂಗ್ ಗ್ಲಾಸುಗಳ ಡಬ್ಬಿಯನ್ನು ಎತ್ತಿ ರಸ್ತೆಗೆ ಎಸೆದಳು. ಸಿಟ್ಟು ಇಳಿಯಲಿಲ್ಲ. ಸಿಕ್ಕ ಜೀಪು ಹತ್ತಿ ಮಾರನಹಳ್ಳಿಗೆ ಹೋದಳು.

ಧರ್ಮ ಜಗಲಿಯ ಮೇಲೆ ಕೂತಿದ್ದ. ಪಟ್ಟಿ ಕಟ್ಟಿದ ಮುಖ ನೋಡಿಯೂ ಸುಲೋಚನಮ್ಮನ ಬಾಯಿಂದ ಬಂದದ್ದು ಬೈಗುಳವೇ.

“ತಲೆ ಎಲ್ಲಿಟ್ಟಿದ್ಯೋ! ಕಲ್ಲು ಸಿಡಿಯೋ ಕೆಲ್ಸಕ್ಕೆ ಆ ಷೋಕಿ ಗ್ಲಾಸು ಹಾಕ್ಕೊಂತಾರಾ? ಯಾವ ಮುಠ್ಠಾಳ ಹೇಳ್ದ ನಿಂಗೆ?”

“ನೀವೇ ಹೇಳಿದ್ರಲ್ಲ, ಅಮ್ಮಾರೆ.”

ಅವನು ತಡಕಾಡಿ ಫೋನ್ ತೆಗೆದು ತೋರಿಸಿದ. ‘ಇವನ್ನೂ ತಗೊಳ್ಳಿ’ ಎಂಬ ಸಾಲಿನ ಪಕ್ಕದಲ್ಲೇ ಸುಲೋಚನಮ್ಮನ ಫೋಟೋ. ಯಾವುದೋ ಮದುವೆಯಲ್ಲಿ ತೆಗೆದದ್ದು, ನಗುತ್ತಿದ್ದಳು.

“ನಂಗೂ ಸರಿ ಕಾಣ್ಲಿಲ್ಲ. ಆದ್ರೆ ಅಮ್ಮಾರು ಹೇಳವ್ರೆ, ನೋಡ್ಕಂಡೇ ಹೇಳಿರ್ತಾರೆ ಅಂತ ತಗಂಡೆ.”

ಸುಲೋಚನಮ್ಮ ಮಗನಿಗೆ ಫೋನ್ ಹಚ್ಚಿ, “ನನ್ ಮೋರೆ ಕಿತ್ತಾಕೋ ಅಲ್ಲಿಂದ! ಈಗ್ಲೇ ಕಿತ್ತಾಕು!” ಎಂದು ಬೀದಿಗೆಲ್ಲ ಕೇಳುವಂತೆ ಕಿರುಚಿದಳು.

ಧರ್ಮ ಒಂದೇ ಕಣ್ಣಿನಲ್ಲಿ ಫೋನನ್ನೂ ಅವಳನ್ನೂ ನೋಡಿದ.

“ಹಂಗಾರೆ ಇದು ನೀವಲ್ವಾ, ಅಮ್ಮಾರೆ?” ಎಂದ.