ನಾಲ್ಕನೆಯ ಭಾಗ

ಸೆಲ್ಮೀರಾ ಊರವರ ಹಾಸಿಗೆ ಬಿಚ್ಚುವವಳು. ಪೈಸಾಂಡೂ ಊರಿನಲ್ಲಿ ಯಾರ ಹಾಸಿಗೆಯ ಉಣ್ಣೆ ಗಂಟುಕಟ್ಟಿದರೂ ಅವಳಿಗೇ ಕರೆ. ಅಂಗಳದಲ್ಲಿ ಹೊಲಿಗೆ ಬಿಚ್ಚಿ, ಉಣ್ಣೆ ಹಿಂಜಿ, ಬಿಸಿಲಿಗೆ ಹರವಿ, ಮತ್ತೆ ತುಂಬಿ ಗೇಣುದ್ದದ ಸೂಜಿಯಿಂದ ಹೊಲಿದುಕೊಡುವಳು. ಯಾವ ದಂಪತಿಯ ಹಾಸಿಗೆಯಲ್ಲಿ ಒಂದೇ ಗುಳಿ, ಯಾರದರಲ್ಲಿ ದೂರದೂರ ಎರಡು ಎಂಬುದೆಲ್ಲ ಗೊತ್ತಿದ್ದೂ ಬಾಯಿ ಬಿಟ್ಟವಳಲ್ಲ. ಅದನ್ನು ನೋಡಿಯೇ ಇರ್ಮಾ ಟೀಚರ್ ಅವಳನ್ನು ತಮ್ಮ ಓದುವ ಗುಂಪಿಗೆ ಸೇರಿಸಿಕೊಂಡದ್ದು.

ಸೈನಿಕರ ಆಳ್ವಿಕೆ. ನಿಷೇಧಿಸಿದ ಪುಸ್ತಕ ಸಿಕ್ಕರೆ ಪುಸ್ತಕದ ಜೊತೆ ಮನೆಯವರೂ ಕಾಣೆಯಾಗುತ್ತಿದ್ದ ಕಾಲ. ಶಾಲೆಯಿಂದ ವಜಾ ಆಗಿದ್ದ ಟೀಚರ್ ಪುಸ್ತಕದ ಬೆನ್ನು ಕತ್ತರಿಸಿ ನಾಲ್ಕು ಭಾಗ ಮಾಡುವರು; ಸೆಲ್ಮೀರಾ ಒಂದೊಂದನ್ನೇ ಉಣ್ಣೆಯಲ್ಲಿ ಹುದುಗಿಸಿ ಮನೆಯಿಂದ ಮನೆಗೆ ಮುಟ್ಟಿಸುವಳು. ಗಂಡಸರು ಅದರ ಮೇಲೇ ಮಲಗಿ ಗೊರಕೆ ಹೊಡೆಯುತ್ತಿದ್ದರು, ಪಾಪ.

ಆ ಚಳಿಗಾಲದಲ್ಲಿ ಬಂದ ಕಾದಂಬರಿ, ಉಪ್ಪಿನ ಗಣಿಗೆ ಎಳೆದೊಯ್ದ ಮಗನನ್ನು ಹುಡುಕುವ ತಾಯಿಯದು. ಮೂರನೆಯ ಭಾಗದ ಕೊನೆಗೆ ಮಗನನ್ನು ಕಣ್ಣಾರೆ ಕಂಡವನೊಬ್ಬ ಸಿಗುತ್ತಾನೆ. ನಾಲ್ಕನೆಯದರಲ್ಲಿ ಮಗನ ಗೋರಿ. ಸೆಲ್ಮೀರಾ ಅದನ್ನು ಓದುತ್ತ ಕೂತು ಸಾರು ಸೀದಿದ್ದೂ ತಿಳಿಯದಷ್ಟು ಅತ್ತಿದ್ದಳು.

ಈಗ ಅದೇ ಗುಂಪಿನ ದೆಲ್ಫಿನಾ ಆ ಕಾದಂಬರಿಯನ್ನು ಕೇಳಿದ್ದಳು. ಅವಳ ಮಗ ರುಬೆನ್‌ನನ್ನು ಅಚ್ಚುಕೂಟದಿಂದ ಹಿಡಿದೊಯ್ದ ಮೇಲೆ ಸುದ್ದಿಯೇ ಇಲ್ಲ. ವಾರವಾರವೂ ಒಗೆದ ಅಂಗಿ ಹಿಡಿದು ಬ್ಯಾರಕ್ಕಿನ ಬಾಗಿಲಿಗೆ ಹೋಗಿ, ಹಾಗೇ ವಾಪಸು ತರುತ್ತಿದ್ದಳು. ಅವನ ಹಾಸಿಗೆಯನ್ನಂತೂ ಸೆಲ್ಮೀರಾಳಿಗೂ ಮುಟ್ಟಗೊಟ್ಟಿರಲಿಲ್ಲ. ಮಗ ಮಲಗಿದ ಗುಳಿ ಅದರಲ್ಲಿ ಹಾಗೇ ಇತ್ತು.

ಟೀಚರ ಅಡುಗೆಮನೆಯಲ್ಲಿ ಮಾಟೆ ಕಷಾಯದ ಸೋರೆಬುರುಡೆ ಕೈಯಿಂದ ಕೈಗೆ ಹೋಗುತ್ತಿತ್ತು. ದೆಲ್ಫಿನಾಳಿಗೆ ನಾಲ್ಕನೆಯ ಭಾಗ ಕೊಡುವುದು ಬೇಡ ಎಂದಿದ್ದಳು ಸೆಲ್ಮೀರಾ.

"ಓದಬೇಡಿ ಅಂತ ಮಿಲಿಟರಿಯವರು ಹೇಳಿದ್ದು ಸಾಲದು ಅಂತ ನಾವೂ ಹೇಳೋದೇನೇ?" ಎಂದರು ಟೀಚರ್.

"ನೀವು ಪುಸ್ತಕ ನೋಡ್ತೀರ ಟೀಚರ್, ನಾನು ಆ ಹಾಸಿಗೆ ನೋಡಿದೀನಿ. ಕೊನೇದನ್ನ ಓದಿದ್ರೆ ಅವಳು ಮೇಲೇಳಲ್ಲ."

"ಅಳೋದಕ್ಕೂ ಒಂದು ಜಾಗ ಬೇಕಲ್ಲ."

"ಅಳೋ ಜಾಗಕ್ಕೆ ಅವಳ ಮನೇಲೇನು ಬರ ಬಿಡಿ. ಮೂರು ಭಾಗ ಕೊಡ್ತೀನಿ. ನಾಲ್ಕನೇದು ಸಾಲ್ಟೊ ಊರಿನವಳೊಬ್ಬಳ ಹತ್ರ ಸಿಕ್ಕಾಕ್ಕೊಂಡಿದೆ ಅಂತೀನಿ."

ಟೀಚರಿಗೆ ಇಷ್ಟವಿರಲಿಲ್ಲ. ಆದರೂ ಒಪ್ಪಿದರು.

ಮೂರು ಭಾಗ ಓದಿದ ದೆಲ್ಫಿನಾಳ ಮುಖದಲ್ಲಿ ಕಳೆ ಬಂತು. ಹೊಟ್ಟೆ ತುಂಬ ಉಣ್ಣತೊಡಗಿದಳು, ರುಬೆನ್‌ಗೆಂದು ಸ್ವೆಟರ್ ಹೆಣೆಯತೊಡಗಿದಳು.

"ನಾಲ್ಕನೇದು ಬರೋವಾಗ ಬರಲಿ. ಒಂದೇ ಒಂದು ಹೇಳು, ಮಗ ಸಿಗ್ತಾನಾ?"

ಸೆಲ್ಮೀರಾ ಸೂಜಿಗೆ ದಾರ ಪೋಣಿಸುತ್ತ, ತಲೆ ಎತ್ತದೆ, "ಸಿಗ್ತಾನೆ" ಎಂದುಬಿಟ್ಟಳು. ಆ ಹೊತ್ತಿಗೆ ಅದು ಪುಣ್ಯದ ಕೆಲಸ ಎಂದೇ ಅನ್ನಿಸಿತ್ತು.

ವಸಂತದಲ್ಲಿ ಎಲ್ಬಿಯೊ ಎಂಬ ತರುಣ ಜೈಲಿನಿಂದ ಬಿಡುಗಡೆಯಾಗಿ ಬಂದ. ರುಬೆನ್ ಜೊತೆ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದವನು, ಒಂದೇ ಕೋಣೆಯಲ್ಲಿ ಕೈದಿಯಾಗಿದ್ದವನು. ಒಂದು ಮಧ್ಯಾಹ್ನ ಸೆಲ್ಮೀರಾಳ ಅಂಗಳಕ್ಕೆ ಬಂದು ಉಣ್ಣೆ ರಾಶಿಯ ಪಕ್ಕ ಕುಕ್ಕರಿಸಿದ.

"ರುಬೆನ್ ನನ್ನ ತೊಡೆ ಮೇಲೇ ಹೋದ. ಅಮ್ಮನಿಗೆ ಹೇಳು ಅಂತ ಒಂದಷ್ಟು ಮಾತು ಹೇಳಿದ್ದ. ಎಷ್ಟು ಸಲ ಹೋದ್ರೂ ಅವರು ಒಳಗೇ ಬಿಡಲ್ಲ. ನೀನು ಇನ್ಯಾರನ್ನೋ ನೋಡಿರ್ತೀಯ, ನನ್ನ ಮಗ ಸಿಗ್ತಾನೆ ಅಂತಾರೆ. ಯಾವುದೋ ಪುಸ್ತಕದಲ್ಲಿದೆಯಂತೆ."

ಸೆಲ್ಮೀರಾ ಹಿಂಜುತ್ತಿದ್ದ ಉಣ್ಣೆ ಕೆಳಗಿಟ್ಟಳು. ಸತ್ತವನ ಕೊನೆಯ ಮಾತು ತಾಯಿಯ ಹೊಸ್ತಿಲ ತನಕ ಬಂದು ಹಿಂತಿರುಗುತ್ತಿತ್ತು, ತಾನು ಆಡಿದ ಒಂದು ಸುಳ್ಳಿನಿಂದ. ಎಲ್ಬಿಯೊನನ್ನು ಅಲ್ಲೇ ಇರಲು ಹೇಳಿ, ತನ್ನದೇ ಹಾಸಿಗೆಯ ಹೊಲಿಗೆ ಕಿತ್ತು ನಾಲ್ಕನೆಯ ಭಾಗ ತೆಗೆದುಕೊಂಡು ಹೊರಟಳು.

ದೆಲ್ಫಿನಾ ಅಡುಗೆಮನೆಯಲ್ಲಿ ಕೂತು ಓದಿದಳು. ಸೆಲ್ಮೀರಾ ಎದುರಿಗೆ ಕೂತಿದ್ದಳು. ಮಾಟೆ ಆರಿ ತಣ್ಣಗಾಯಿತು. ಕೊನೆಯ ಪುಟ ಮುಗಿಸಿ ದೆಲ್ಫಿನಾ ಹಾಳೆಗಳನ್ನು ಒಟ್ಟು ಮಾಡಿ ಕೆಳಗಿಟ್ಟಳು.

"ನೀನು ಮೊದಲೇ ಓದಿದ್ದೆ."

"ಹೂಂ."

"ಆ ಹುಡುಗ ಹೇಳೋಕೆ ಬರ್ತಿದ್ದಿದ್ದೂ ಇದೇ."

"ಹೂಂ ಕಣೇ."

"ನನ್ನ ಮಗ ಹೇಳಿ ಕಳಿಸಿದ ಮಾತಿಗೆ ನಾನು ಬಾಗಿಲು ಹಾಕ್ದೆ. ನೀನು ಹಾಕಿಸ್ದೆ."

ಕೂಗಾಡಿದ್ದರೆ, ಕೆನ್ನೆಗೆ ಬಾರಿಸಿದ್ದರೆ ಸೆಲ್ಮೀರಾ ತಡೆದುಕೊಳ್ಳುತ್ತಿದ್ದಳೇನೋ. ದೆಲ್ಫಿನಾ ಮೆಲ್ಲಗೆ, "ಹೋಗು, ಅವನನ್ನ ಕರ್ಕೊಂಡು ಬಾ" ಎಂದಳಷ್ಟೆ.

ಎಲ್ಬಿಯೊ ಒಳಗೆ ಮಾತಾಡುತ್ತಿದ್ದಷ್ಟು ಹೊತ್ತೂ ಸೆಲ್ಮೀರಾ ಅಂಗಳದಲ್ಲೇ ನಿಂತಿದ್ದಳು. ಆ ಮಾತು ಕೇಳುವ ಹಕ್ಕು ತನಗಿಲ್ಲವೆಂದು ಅವಳಿಗೆ ಗೊತ್ತಿತ್ತು. ಒಮ್ಮೆ ಮಾತ್ರ ಒಳಗಿನಿಂದ ಅಳು ಕೇಳಿಸಿತು. ಅದು ದೆಲ್ಫಿನಾಳದಲ್ಲ, ಎಲ್ಬಿಯೊನದು.

ಆಮೇಲೆ ದೆಲ್ಫಿನಾ ಮಗನ ಹಾಸಿಗೆಯನ್ನು ತಾನೇ ಎಳೆದುಕೊಂಡು ಹೊರಗೆ ಬಂದಳು.

"ಬಿಚ್ಚು."

"ದೆಲ್ಫಿನಾ, ಇವತ್ತೇ ಬೇಡ."

"ಬಿಚ್ಚೇ. ಇದರ ಉಣ್ಣೆನ ನನ್ನ ಹಾಸಿಗೆಗೆ ಸೇರಿಸು."

ಭುಜ ಊರಿದ್ದ ಕಡೆ ಉಣ್ಣೆ ಕಲ್ಲಿನಂತೆ ಗಟ್ಟಿಯಾಗಿತ್ತು. ಇಬ್ಬರೂ ಎದುರುಬದುರು ಕೂತು, ಅಳುತ್ತಲೇ ಅದನ್ನು ಬೆರಳಲ್ಲಿ ಬಿಡಿಸಿದರು. ಸಂಜೆಯ ಹೊತ್ತಿಗೆ ರುಬೆನ್ ಮಲಗಿದ್ದ ಗುಳಿ ಎಲ್ಲೂ ಉಳಿದಿರಲಿಲ್ಲ.

ಹೊಲಿಗೆ ಮುಗಿದಾಗ ದೆಲ್ಫಿನಾ ಪುಸ್ತಕದ ನಾಲ್ಕೂ ಭಾಗ ಜೋಡಿಸಿ, ಹಾಸಿಗೆ ಹೊಲಿಯುವ ದಾರದಿಂದಲೇ ಕಟ್ಟಿ ಸೆಲ್ಮೀರಾಳ ಮಡಿಲಿಗಿಟ್ಟಳು.

"ಮುಂದಿನವಳಿಗೆ ನಾಲ್ಕೂ ಒಟ್ಟಿಗೆ ಕೊಡು. ಕೊನೇದನ್ನ ಓದೋವಾಗ ಪಕ್ಕದಲ್ಲಿ ಕೂತಿರು."

ಸೆಲ್ಮೀರಾ ಹಾಗೇ ಮಾಡುತ್ತ ಬಂದಳು. ಆ ಊರಿನಲ್ಲಿ ಅಂಥ ತಾಯಂದಿರೇನೂ ಕಡಿಮೆ ಇರಲಿಲ್ಲ.