ಅಪ್ಪನ ಒಂಬತ್ತು ವೋಲ್ಟು

ಧ್ವನಿಪೆಟ್ಟಿಗೆಯನ್ನೇ ತೆಗೆದ ಗಂಟಲಿನ ಆಪರೇಷನ್ ಆದ ಮೇಲೆ ಅಪ್ಪನ ಮಾತು ಒಂದು ಬ್ಯಾಟರಿಯ ಮೇಲೆ ನಿಂತಿತು. ಮುಷ್ಟಿಯಲ್ಲಿ ಹಿಡಿಯುವಂಥ ಒಂದು ಯಂತ್ರ. ಅದನ್ನು ಕತ್ತಿಗೆ ಒತ್ತಿ ಗುಂಡಿ ಅದುಮಿದರೆ ಝುಂಯ್ ಎಂದು ಕಂಪಿಸುತ್ತಿತ್ತು. ಅಪ್ಪ ತುಟಿ, ನಾಲಿಗೆ ಆಡಿಸಿ ಆ ಕಂಪನವನ್ನೇ ಮಾತಾಗಿಸುತ್ತಿದ್ದರು. ದನಿಯಲ್ಲಿ ಏರಿಳಿತ ಇರಲಿಲ್ಲ. ಆದರೂ ಅದು ಅವರ ಮಾತೇ.

ತೊಂದರೆ ಇದ್ದದ್ದು ಒಂಬತ್ತು ವೋಲ್ಟಿನ ಆ ಚೌಕದ ಬ್ಯಾಟರಿಯಲ್ಲಿ. ಹೊಸತನ್ನು ಹಾಕಿದಾಗ ದನಿ ಚೆನ್ನಾಗಿರುತ್ತಿತ್ತು. ಒಂದಷ್ಟು ಮಾತಾಡುವಷ್ಟರಲ್ಲಿ ವೋಲ್ಟೇಜು ಇಳಿದು ವಾಕ್ಯದ ಕೊನೆ ನುಂಗಿಹೋಗುತ್ತಿತ್ತು. ತರಕಾರಿ ಮಂಡಿಯಲ್ಲಿ ಹರಾಜು ಕೂಗಿ ನಮ್ಮನ್ನೆಲ್ಲ ಸಾಕಿದ ಅಪ್ಪ ಮಾತನ್ನು ಉಳಿತಾಯ ಮಾಡತೊಡಗಿದರು. ಕಾಫಿ ಬೇಕಾ ಎಂದರೆ ಬರೀ ತಲೆಯಾಡಿಸುವರು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ನಾನು ಓದಿದ್ದು ಎಲೆಕ್ಟ್ರಾನಿಕ್ಸ್. ಕೆಲಸದಲ್ಲಿ ಮಾತ್ರ ಬೇರೆಯವರು ವಿನ್ಯಾಸ ಮಾಡಿದ ಬೋರ್ಡುಗಳನ್ನು ಪರೀಕ್ಷಿಸುವುದೇ ಆಗಿತ್ತು. ನನ್ನದು ಅಂತ ಒಂದು ಸರ್ಕ್ಯೂಟನ್ನೂ ಮಾಡಿರಲಿಲ್ಲ. ಮೊಬೈಲಿನಲ್ಲಿರುವಂಥ ಚಪ್ಪಟೆ ಲಿಥಿಯಂ ಸೆಲ್ಲೊಂದನ್ನು ಆ ಬ್ಯಾಟರಿಯ ಜಾಗದಲ್ಲಿ ಕೂರಿಸಿದರೆ ದಿನಾ ಚಾರ್ಜ್ ಮಾಡಬಹುದು ಅನ್ನಿಸಿತು. ಸೆಲ್ ಕೊಡುವುದು ನಾಲ್ಕು ವೋಲ್ಟಿಗೂ ಕಡಿಮೆ, ಯಂತ್ರಕ್ಕೆ ಬೇಕಾದ್ದು ಒಂಬತ್ತು. ಅದನ್ನು ಏರಿಸಬೇಕು. ಸೆಲ್ ಬಸವಳಿದರೂ ಒಂಬತ್ತು ಒಂಬತ್ತಾಗಿಯೇ ನಿಲ್ಲಬೇಕು.

"ರೆಡಿಮೇಡ್ ಸಿಗುತ್ತಲ್ಲ, ತಂದ್ಬಿಡು" ಎಂದರು ನನ್ನ ಯಜಮಾನರು. ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ವೋಲ್ಟೇಜು ಏರಿಸುವ ಬೋರ್ಡೊಂದನ್ನು ಕೊಂಡು ತಂದೆ. ಅದು ಬ್ಯಾಟರಿಯ ಜಾಗದಲ್ಲಿ ಹಿಡಿಸಲಿಲ್ಲ. ಹೊರಗಿಟ್ಟೇ ಜೋಡಿಸಿ ನೋಡಿದರೆ ಅಪ್ಪನ ದನಿಯೊಳಗೆ ಇನ್ನೊಂದು ಗೊರಗೊರ ಸೇರಿಕೊಂಡಿತು. ಸರಿ, ನಾನೇ ಮಾಡುತ್ತೇನೆ ಎಂದು ಜೆ.ಪಿ. ನಗರದ ನಮ್ಮ ಮನೆಯ ಊಟದ ಮೇಜನ್ನು ಆಕ್ರಮಿಸಿದೆ. ಯಜಮಾನರು ತಟ್ಟೆ ಹಿಡಿದು ಸೋಫಾಗೆ ಹೋದರು.

ಅಪ್ಪ ಕುತೂಹಲದಿಂದ ಎದುರಿಗೆ ಬಂದು ಕೂತರು. "ಕಮ್ಮಿ ಇರೋದು ಜಾಸ್ತಿ ಹೆಂಗಮ್ಮ ಆಗುತ್ತೆ?"

"ಈ ತಂತಿ ಸುರುಳಿ ಇದ್ಯಲ್ಲ ಅಪ್ಪ, ಇದರೊಳಗೆ ಕರೆಂಟು ಬಿಟ್ಟು ಪಟ್ಟಂತ ದಾರಿ ಕಟ್ ಮಾಡಿದ್ರೆ, ನಿಲ್ಲೋಕೆ ಒಪ್ಪದೆ ಜೋರಾಗಿ ತಳ್ಳುತ್ತೆ. ಆ ತಳ್ಳೋದು ಸೆಲ್ಲಿನ ವೋಲ್ಟೇಜ್ ಮೇಲೆ ಸೇರ್ಕೊಳ್ಳುತ್ತೆ. ಒಂದು ಪುಟ್ಟ ಚಿಪ್ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಇದನ್ನೇ ಮಾಡ್ತಿರುತ್ತೆ."

"ಭಲೇ ಹಟ ಅದಕ್ಕೆ" ಎಂದು ನಕ್ಕರು. ಆ ಯಂತ್ರ ನಗುವನ್ನು ಹೊರಡಿಸದು. ಭುಜ ಕುಣಿದದ್ದು ಕಂಡಿತು.

ಮೊದಲ ಬೋರ್ಡು ಮೀಟರಿನಲ್ಲಿ ನೇರವಾಗಿ ಒಂಬತ್ತು ತೋರಿಸಿದಾಗ ನಾನು ಕುಣಿದುಬಿಟ್ಟೆ. ಅಪ್ಪ ಗುಂಡಿ ಒತ್ತಿದರು. ಅಂಕಿ ಧೊಪ್ಪನೆ ಆರಕ್ಕೆ ಬಿತ್ತು, ಯಂತ್ರ ಕೆಮ್ಮಿ ಸುಮ್ಮನಾಯಿತು. ಅಪ್ಪ ನನ್ನ ತಲೆ ಸವರಿ ಎದ್ದು ಹೋದರು. ಆ ಸವರಿಕೆಯೇ ಹೆಚ್ಚು ನೋಯಿಸಿತು.

ಮುಂದಿನ ಶನಿವಾರ ಯಂತ್ರದ ಗುಂಡಿ ಅದುಮಿಟ್ಟು ಸುರುಳಿಯ ಮೇಲೆ ಬೆರಳಿಟ್ಟೆ. ಸುಡುತ್ತಿತ್ತು. ಯಂತ್ರಕ್ಕೆ ಹೋಗುವ ಕರೆಂಟನ್ನು ನೋಡಿ ಸುರುಳಿ ಆರಿಸಿದ್ದೆ. ಆದರೆ ವೋಲ್ಟೇಜು ಏರಿಸಬೇಕಾದರೆ ಸೆಲ್ಲಿನಿಂದ ಅದರ ಸುಮಾರು ಮೂರು ಪಟ್ಟು ಎಳೆಯಬೇಕು, ಸುರುಳಿಯಲ್ಲಿ ಹರಿಯುವುದು ಅದೇ. ಕಾಗದದಲ್ಲಿ ಗೊತ್ತಿದ್ದ ಸಂಗತಿ ಬೆರಳಿಗೆ ತಗುಲಿದಾಗಲೇ ಅರ್ಥವಾಯಿತು. ದಪ್ಪ ತಂತಿಯ ಸುರುಳಿ ಆರಿಸಿದೆ. ಕರೆಂಟನ್ನು ಕೂಡಿಟ್ಟುಕೊಳ್ಳುವ ಕೆಪಾಸಿಟರನ್ನು ಚಿಪ್ಪಿನ ಪಕ್ಕಕ್ಕೇ ಎಳೆದುಕೊಂಡೆ, ಕರೆಂಟು ಓಡುವ ದಾರಿಗಳನ್ನು ಅಗಲ ಮಾಡಿದೆ. ಬೋರ್ಡನ್ನು ಹೊಸದಾಗಿ ಮಾಡಿಸಿ ತರಿಸಿದೆ.

ಅದು ಬಂದ ವಾರದ ಭಾನುವಾರ ಬೆಳಗ್ಗೆ ಜೋಡಿಸಿ, "ಅಪ್ಪ, ಒತ್ತಿ" ಎಂದೆ.

ಒತ್ತಿದರು. ಮೀಟರು ಒಂಬತ್ತು. ಮಾತಾಡಿದರು. ಒಂಬತ್ತು. ಹಿಡಿದ ಗುಂಡಿ ಬಿಡದೆ, "ಉಪ್ಪಿಟ್ಟಿಗೆ ಉಪ್ಪು ಕಮ್ಮಿ, ಈರುಳ್ಳಿ ಬೆಂದಿಲ್ಲ, ಇಷ್ಟು ದಿನ ಹೇಳೋಕಾಗ್ಲಿಲ್ಲ" ಎಂದು ಒಂದೇ ಉಸಿರಿನಂತೆ ಹೇಳಿ ಮುಗಿಸಿದರು. ಕೊನೆಯ ಅಕ್ಷರವೂ ಮೊದಲಿನದರಷ್ಟೇ ಗಟ್ಟಿ. ಉಪ್ಪಿಟ್ಟು ಮಾಡಿದ್ದ ಯಜಮಾನರು ಸೌಟು ಎತ್ತಿ ಜೈಕಾರ ಹಾಕಿದರು. ನಾನು ಅಳುತ್ತಿದ್ದೆ, ನಗುತ್ತಲೂ ಇದ್ದೆ. ಆ ದಿನವಿಡೀ ಅಪ್ಪ ಸುಮ್ಮನಿರಲಿಲ್ಲ. ಬೇಗೂರಿನಲ್ಲಿರುವ ತಮ್ಮ ಅಕ್ಕನಿಗೆ ಫೋನು ಹಚ್ಚಿ ಜಗಳವಾಡಿ ರಾಜಿಯೂ ಆದರು.

ಆಸ್ಪತ್ರೆಯವರು ಇಂಥ ಆಪರೇಷನ್ ಆದವರನ್ನೆಲ್ಲ ಆಗಾಗ ಒಟ್ಟಿಗೆ ಸೇರಿಸುತ್ತಾರೆ. ಮುಂದಿನ ಸಲ ಅಪ್ಪನ ಜೊತೆ ನಾನೂ ಹೋದೆ. ಅಲ್ಲಿನ ಸಭೆಯ ಹಾಲ್‌ನಲ್ಲಿ ಒಬ್ಬ ಹಿರಿಯ ಹೆಂಗಸು ತಮ್ಮ ಪರಿಚಯ ಹೇಳಲು ಎದ್ದರು. ಅವರದೂ ಅಂಥದೇ ಯಂತ್ರ. ನಡುವೆಯೇ ದನಿ ಕುಸಿಯಿತು, ಆಕೆ ನಾಚಿ ಕೂತರು. ಅಪ್ಪ ಎದ್ದು ಹೋಗಿ ತಮ್ಮ ಯಂತ್ರದಿಂದ ನನ್ನ ಬೋರ್ಡು, ಸೆಲ್ ತೆಗೆದು ಆಕೆಯದಕ್ಕೆ ಹಾಕಿಕೊಟ್ಟರು.

ಆಕೆ ಗುಂಡಿ ಒತ್ತಿದರು. "ನಾನು ಸ್ಕೂಲಲ್ಲಿ ಹಾಡು ಹೇಳಿಕೊಡ್ತಿದ್ದೆ" ಎಂಬ ಮಾತು ಹಾಲಿನ ಹಿಂದಿನ ಸಾಲಿನವರೆಗೂ ಕೇಳಿಸಿತು. ಗಾಬರಿಯಿಂದ ಯಂತ್ರವನ್ನೇ ನೋಡಿದರು. ಆಮೇಲೆ ಅಪ್ಪನನ್ನು ಕೇಳಿದರು: "ಇದನ್ನ ಯಾರು ಸಾರ್ ಮಾಡಿದ್ದು?"

ಉತ್ತರ ಹೇಳಲು ಅಪ್ಪನ ಬಳಿ ಈಗ ದನಿಯಿರಲಿಲ್ಲ. ಅವರು ತಮ್ಮ ಎದೆ ತಟ್ಟಿಕೊಂಡು, ತೋಳು ಪೂರ್ತಿ ಚಾಚಿ, ಹಿಂದಿನ ಸಾಲಿನಲ್ಲಿ ಕೂತಿದ್ದ ನನ್ನತ್ತ ಬೆರಳು ಮಾಡಿದರು. ಹಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಾನು ಎದ್ದು ನಿಂತೆ.